ನೆರಳಿನ ತುದಿ ಬರೆಯುವ ವರ್ಷ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಸಭಿಕರೇ,

ಸೂರ್ಯ ಎಲ್ಲಿ ಹುಟ್ಟುತ್ತಾನೆ ಎಂದು ಕೇಳಿದರೆ, ಯೋಚಿಸುವ ಮೊದಲೇ ‘ಪೂರ್ವದಲ್ಲಿ’ ಎಂಬ ಉತ್ತರ ನಮ್ಮ ನಾಲಿಗೆಗೆ ಬಂದಿರುತ್ತದೆ. ಆದರೆ ವರ್ಷದ 365 ದಿನಗಳಲ್ಲಿ ಸೂರ್ಯ ಕರಾರುವಾಕ್ಕಾಗಿ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ 20 ಮತ್ತು ಸೆಪ್ಟೆಂಬರ್ 22ರ ಆಸುಪಾಸಿನಲ್ಲಿ ಮಾತ್ರ. ಉಳಿದ ದಿನಗಳಲ್ಲಿ ಆತ ಪೂರ್ವದಿಂದ ಉತ್ತರಕ್ಕೋ ದಕ್ಷಿಣಕ್ಕೋ ಸರಿದು ಮೇಲೇರುತ್ತಾನೆ. ಈ ಸರಿತ 15 ಡಿಗ್ರಿ ಅಕ್ಷಾಂಶದಲ್ಲಿ ಎರಡೂ ಕಡೆಗೆ ಸುಮಾರು 24 ಡಿಗ್ರಿಯವರೆಗೆ ಹೋದರೆ, 50 ಡಿಗ್ರಿ ಅಕ್ಷಾಂಶದಲ್ಲಿ 38 ಡಿಗ್ರಿಯನ್ನು ಮುಟ್ಟುತ್ತದೆ. ಇಷ್ಟು ದೊಡ್ಡ ಚಲನೆ ವರ್ಷಕ್ಕೊಮ್ಮೆ ತಪ್ಪದೆ ನಮ್ಮ ಕಣ್ಣೆದುರು ನಡೆಯುತ್ತಿದ್ದರೂ ಅದು ನಮ್ಮ ಗಮನಕ್ಕೆ ಬಾರದಿರುವುದಕ್ಕೆ ಕಾರಣ ಸರಳವಾದದ್ದು: ನಿನ್ನೆಯ ಸೂರ್ಯ ಎಲ್ಲಿದ್ದನೆಂಬ ಗುರುತು ಆಕಾಶದಲ್ಲಿ ಉಳಿಯುವುದಿಲ್ಲ. ನೆಲದ ಮೇಲೆ ಉಳಿಸಬಹುದು. ಅದಕ್ಕೆ ಒಂದು ಕೋಲು, ಒಂದು ಸಮತಟ್ಟು ಜಾಗ, ಒಂದು ಸೀಸದ ಕಡ್ಡಿ ಮತ್ತು ಒಂದು ವರ್ಷದ ತಾಳ್ಮೆ ಸಾಕು.

ನೆರಳುಗಡಿಯಾರವನ್ನು ನಾವೆಲ್ಲ ಹೊತ್ತು ತಿಳಿಸುವ ಹಳೆಯ ಸಾಧನವೆಂದು ಓದಿದ್ದೇವೆ. ಹೊತ್ತು ತಿಳಿಯಲು ಇಂದು ಅದರ ಅಗತ್ಯ ಯಾರಿಗೂ ಇಲ್ಲ. ಆದರೂ ಅದನ್ನು ಕೈಯಾರೆ ಮಾಡಿ ನೋಡಬೇಕೆಂದು ನಾನು ಒತ್ತಾಯಿಸುವುದು, ಅದು ಗಡಿಯಾರಕ್ಕಿಂತ ಮಿಗಿಲಾಗಿ ಒಂದು ಪಂಚಾಂಗವಾಗಿರುವ ಕಾರಣಕ್ಕೆ. ನೆರಳಿನ ದಿಕ್ಕು ಹೊತ್ತನ್ನು ಹೇಳುತ್ತದೆ, ನೆರಳಿನ ತುದಿ ಋತುವನ್ನು ಹೇಳುತ್ತದೆ. ಇವತ್ತಿನ ಮಾತೆಲ್ಲ ಆ ತುದಿಯ ಕುರಿತದ್ದು.

ನೇರವಾಗಿ ನೆಟ್ಟ ಕೋಲಿಗೆ ನಮ್ಮ ಪ್ರಾಚೀನ ಖಗೋಳ ಗ್ರಂಥಗಳಲ್ಲಿ ಶಂಕು ಎಂಬ ಹೆಸರಿದೆ. ಸೂರ್ಯಸಿದ್ಧಾಂತದ ಮೂರನೆಯ ಅಧ್ಯಾಯಕ್ಕೆ ‘ತ್ರಿಪ್ರಶ್ನಾಧಿಕಾರ’ ಎಂದು ಹೆಸರು. ದಿಕ್ಕು ಯಾವುದು, ಸ್ಥಳ ಯಾವುದು, ಕಾಲ ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಹನ್ನೆರಡು ಅಂಗುಲದ ಒಂದು ಶಂಕುವಿನಿಂದ ಉತ್ತರ ಪಡೆಯುವ ಬಗೆ ಅಲ್ಲಿದೆ. ಆ ಅಧ್ಯಾಯ ಆರಂಭವಾಗುವುದು ಲೆಕ್ಕದಿಂದಲ್ಲ, ನೆಲ ಸಿದ್ಧಪಡಿಸುವುದರಿಂದ. ನೀರಿನಿಂದ ಮಟ್ಟ ನೋಡಿದ ಕಲ್ಲಿನ ಮೇಲೆ, ಇಲ್ಲವೇ ಸಮತಟ್ಟಾದ ಗಟ್ಟಿ ಗಾರೆಯ ಮೇಲೆ ವೃತ್ತವನ್ನು ಎಳೆಯಬೇಕೆಂದು ಅದು ವಿಧಿಸುತ್ತದೆ. ಈ ಮಾತನ್ನು ನಾನು ಮೊದಲ ಓದಿನಲ್ಲಿ ಹಗುರವಾಗಿ ತೆಗೆದುಕೊಂಡಿದ್ದೆ. ಅದಕ್ಕೆ ತೆತ್ತ ಬೆಲೆಯನ್ನು ಮುಂದೆ ಹೇಳುತ್ತೇನೆ.

ಉಪಕರಣದ ವಿವರಕ್ಕೆ ಬರೋಣ. ಬೆಳಗಿನಿಂದ ಸಂಜೆಯವರೆಗೆ, ಅಥವಾ ಕಡೇಪಕ್ಷ ಒಂಬತ್ತರಿಂದ ಮೂರು ಗಂಟೆಯವರೆಗೆ, ವರ್ಷದ ಎಲ್ಲ ತಿಂಗಳಲ್ಲೂ ಬಿಸಿಲು ಬೀಳುವ ಜಾಗ ಬೇಕು. ಇಂದು ಬಿಸಿಲಿರುವ ಮೂಲೆ ಆರು ತಿಂಗಳ ನಂತರ ಪಕ್ಕದ ಗೋಡೆಯ ನೆರಳಿನಲ್ಲಿರಬಹುದು, ಆದ್ದರಿಂದ ಜಾಗದ ಆಯ್ಕೆಯಲ್ಲಿ ಅವಸರ ಸಲ್ಲದು. ಕೋಲಿನ ಎತ್ತರ 50 ಸೆಂಟಿಮೀಟರ್ ಇರಲಿ. ಅದನ್ನು ತೂಗುಗುಂಡಿನ ದಾರ ಹಿಡಿದು ಎರಡು ಬದಿಗಳಿಂದ ನೋಡಿ ಲಂಬವಾಗಿ ನಿಲ್ಲಿಸಬೇಕು. ನೆಲದ ಮೇಲೆಯೇ ಗುರುತು ಹಾಕಬಹುದು, ಇಲ್ಲವೇ ಅಲುಗದ ಹಾಗೆ ಕೂರಿಸಿದ ದೊಡ್ಡ ಹಲಗೆಯ ಮೇಲೆ ಹಾಕಬಹುದು. ಹಲಗೆಯನ್ನು ಪ್ರತಿದಿನ ಒಳಗೆ ತಂದು ಮತ್ತೆ ಹೊರಗಿಡುವ ಏರ್ಪಾಡು ಈ ಕೆಲಸಕ್ಕೆ ಒಗ್ಗುವುದಿಲ್ಲ.

ಗುರುತು ಹಾಕಲು ಕುಳಿತ ಕೂಡಲೇ ಒಂದು ತೊಡಕು ಕಾಣುತ್ತದೆ. ನೆರಳಿನ ತುದಿ ಎಲ್ಲಿ ಮುಗಿಯುತ್ತದೆಂದು ಹೇಳುವುದೇ ಕಷ್ಟ, ಅಂಚು ಮಸುಕಾಗಿರುತ್ತದೆ. ಇದು ಕೋಲಿನ ದೋಷವಲ್ಲ. ಸೂರ್ಯ ಆಕಾಶದಲ್ಲಿ ಒಂದು ಬಿಂದುವಲ್ಲ, ಸುಮಾರು ಅರ್ಧ ಡಿಗ್ರಿ ಅಗಲದ ಬಿಲ್ಲೆ. ಬಿಲ್ಲೆಯ ಒಂದು ಅಂಚಿನಿಂದ ಬರುವ ಬೆಳಕು ಮುಟ್ಟುವ ಕಡೆಗೆ ಇನ್ನೊಂದು ಅಂಚಿನ ಬೆಳಕು ಮುಟ್ಟದಿರಬಹುದು. ಕೋಲಿನ ತುದಿಯಿಂದ ನೆರಳು ಬಿದ್ದ ಜಾಗಕ್ಕೆ ಇರುವ ದೂರದ 108ನೇ ಒಂದು ಭಾಗದಷ್ಟು ಅಗಲಕ್ಕೆ, ನೆರಳು ಓರೆಯಾಗಿ ಬಿದ್ದಾಗ ಇನ್ನೂ ಹೆಚ್ಚು ಅಗಲಕ್ಕೆ, ಈ ಮಸುಕು ಹರಡುತ್ತದೆ. ಇದಕ್ಕೆ ಪರಿಹಾರವೆಂದರೆ ಕೋಲಿನ ತುದಿಗೆ ನಡುವೆ ಸಣ್ಣ ತೂತಿರುವ ಒಂದು ಬಿಲ್ಲೆಯನ್ನು, ಉದಾಹರಣೆಗೆ ಲೋಹದ ವಾಷರನ್ನು, ಅಂಟಿಸುವುದು. ಆಗ ಅದರ ನೆರಳಿನ ನಡುವೆ ಬೆಳಕಿನ ಪುಟ್ಟ ಚುಕ್ಕೆಯೊಂದು ಬೀಳುತ್ತದೆ. ಆ ಚುಕ್ಕೆ ಸೂರ್ಯನ ಬಿಂಬವೇ. ಅದರ ಮಧ್ಯವನ್ನು ಒಂದು ಮಿಲಿಮೀಟರ್ ನಿಖರತೆಯಲ್ಲಿ ಗುರುತಿಸುವುದು ಕಷ್ಟವಲ್ಲ. ಇನ್ನು ಮುಂದೆ ‘ತುದಿ’ ಎಂದಾಗಲೆಲ್ಲ ಈ ಚುಕ್ಕೆಯನ್ನೇ ಅರ್ಥ ಮಾಡಿಕೊಳ್ಳಬೇಕು. ಎತ್ತರವನ್ನು ಅಳೆಯುವಾಗಲೂ ತೂತಿನಿಂದಲೇ ಅಳೆಯಬೇಕು, ಅಳತೆಯ ಬುಡವೂ ತೂತಿನಿಂದ ತೂಗುಗುಂಡು ಇಳಿಬಿಟ್ಟಾಗ ಸಿಗುವ ಬಿಂದುವೇ ಆಗಿರಬೇಕು. ಈ ಇಡೀ ಕೆಲಸದಲ್ಲಿ ನಾವು ಸೂರ್ಯನಿಗೆ ಬೆನ್ನು ಮಾಡಿ ನೆಲವನ್ನು ನೋಡುತ್ತೇವೆ. ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸುವ ಸಂದರ್ಭವೇ ಬರುವುದಿಲ್ಲವಾದ್ದರಿಂದ ಮಕ್ಕಳ ಕೈಗೂ ನಿಶ್ಚಿಂತೆಯಿಂದ ಕೊಡಬಹುದು.

ಮೊದಲ ಪ್ರಶ್ನೆ ದಿಕ್ಕಿನದು. ದಿಕ್ಸೂಚಿಯನ್ನು ನಂಬಬಾರದು, ಏಕೆಂದರೆ ಅದರ ಮುಳ್ಳು ತೋರಿಸುವುದು ಭೂಮಿಯ ಕಾಂತಕ್ಷೇತ್ರದ ಉತ್ತರವನ್ನು, ಅದಕ್ಕೂ ನಿಜವಾದ ಉತ್ತರಕ್ಕೂ ಹಲವು ಕಡೆ ಅನೇಕ ಡಿಗ್ರಿಗಳ ಅಂತರವಿರುತ್ತದೆ. ನೆರಳನ್ನೇ ಕೇಳುವುದು ಉತ್ತಮ. ಶಂಕುವಿನ ಬುಡವನ್ನು ಕೇಂದ್ರವಾಗಿಟ್ಟುಕೊಂಡು ಒಂದು ವೃತ್ತವನ್ನು ಎಳೆಯಿರಿ. ಬೆಳಗ್ಗೆ ನೆರಳು ಉದ್ದವಾಗಿದ್ದು ತುದಿ ವೃತ್ತದ ಹೊರಗಿರುತ್ತದೆ. ಹೊತ್ತೇರಿದಂತೆ ಕುಗ್ಗುತ್ತಾ ಬಂದು ಒಂದು ಕ್ಷಣದಲ್ಲಿ ವೃತ್ತವನ್ನು ಮುಟ್ಟಿ ಒಳಗೆ ಬರುತ್ತದೆ, ಮಧ್ಯಾಹ್ನದ ನಂತರ ಮತ್ತೆ ಮುಟ್ಟಿ ಹೊರಗೆ ಹೋಗುತ್ತದೆ. ಆ ಎರಡು ಬಿಂದುಗಳನ್ನು ಸೇರಿಸುವ ಗೆರೆ ಪೂರ್ವ-ಪಶ್ಚಿಮ. ಅದರ ಮಧ್ಯಬಿಂದುವನ್ನು ಬುಡಕ್ಕೆ ಸೇರಿಸಿದರೆ ಸಿಗುವುದು ಉತ್ತರ-ದಕ್ಷಿಣ. ಯಜ್ಞವೇದಿಗಳ ಅಳತೆಯನ್ನು ಹೇಳುವ ಪ್ರಾಚೀನ ಗ್ರಂಥವಾದ ಕಾತ್ಯಾಯನ ಶುಲ್ಬಸೂತ್ರದಲ್ಲಿಯೂ ಇದೇ ವಿಧಾನವಿದೆ. ಬೆಳಗಿನಿಂದ ಸಂಜೆಯೊಳಗೆ ಸೂರ್ಯನೂ ಸ್ವಲ್ಪ ಉತ್ತರಕ್ಕೋ ದಕ್ಷಿಣಕ್ಕೋ ಸರಿದಿರುವುದರಿಂದ ಇದರಲ್ಲಿ ಬಹಳ ಸಣ್ಣ ದೋಷವೊಂದು ಉಳಿಯುತ್ತದೆ. ಜೂನ್ ಅಥವಾ ಡಿಸೆಂಬರ್ 21ರ ಸುಮಾರಿಗೆ ಮಾಡಿದರೆ ಅದೂ ಇರುವುದಿಲ್ಲ. ಈ ಉತ್ತರ-ದಕ್ಷಿಣ ಗೆರೆಯನ್ನು ಅಳಿಸದ ಬಣ್ಣದಲ್ಲಿ ಬರೆದಿಡಿ. ನೆರಳು ಅದರ ಮೇಲೆ ಬಂದು ಕೂರುವ ಕ್ಷಣವೇ ನಿಮ್ಮ ಸ್ಥಳದ ನಿಜವಾದ ಮಧ್ಯಾಹ್ನ.

ಒಂದು ದಿನ ಬಿಡುವು ಮಾಡಿಕೊಂಡು, ಅರ್ಧ ಗಂಟೆಗೊಮ್ಮೆ ತುದಿಯನ್ನು ಗುರುತಿಸಿ ಬಿಂದುಗಳನ್ನು ಸೇರಿಸಿ ನೋಡಿ. ತುದಿ ಬುಡದ ಸುತ್ತ ಒಂದು ವೃತ್ತಖಂಡವನ್ನು ಬರೆಯುತ್ತದೆಂದು ಹೆಚ್ಚಿನವರು ಊಹಿಸುತ್ತಾರೆ. ಹಾಗಾಗುವುದಿಲ್ಲ. ಉತ್ತರ ಗೋಳಾರ್ಧದಲ್ಲಿ ಡಿಸೆಂಬರಿನ ಗೆರೆ ಎರಡೂ ತುದಿಗಳಲ್ಲಿ ಉತ್ತರಕ್ಕೆ ಬಾಗಿದ ಬಿಲ್ಲು, ಜೂನ್ ತಿಂಗಳ ಗೆರೆ ದಕ್ಷಿಣಕ್ಕೆ ಬಾಗಿದ ಬಿಲ್ಲು. ಬೆನ್ನಿಗೆ ಬೆನ್ನು ಮಾಡಿದ ಈ ಎರಡು ಬಿಲ್ಲುಗಳ ನಡುವೆ, ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವ ದಿನಗಳಲ್ಲಿ, ಅಂದರೆ ಸೂರ್ಯ ಕರಾರುವಾಕ್ಕಾಗಿ ಪೂರ್ವದಲ್ಲಿ ಹುಟ್ಟುವ ದಿನಗಳಲ್ಲಿ, ತುದಿ ಪಶ್ಚಿಮದಿಂದ ಪೂರ್ವಕ್ಕೆ ಒಂದು ಸರಳರೇಖೆಯನ್ನು ಬರೆಯುತ್ತದೆ. ಕೈಯಲ್ಲಿ ಅಳತೆಪಟ್ಟಿ ಹಿಡಿದು ಆ ಬಿಂದುಗಳ ಮೇಲೆ ಇಟ್ಟಾಗ ಒಂದೊಂದೂ ಪಟ್ಟಿಯ ಅಂಚಿಗೆ ಬಂದು ನಿಲ್ಲುವುದನ್ನು ನೋಡಿದ ದಿನವನ್ನು ನಾನು ಇನ್ನೂ ಮರೆತಿಲ್ಲ.

ಇದಕ್ಕೆ ಕಾರಣವನ್ನು ಹೀಗೆ ಕಲ್ಪಿಸಿಕೊಳ್ಳಬಹುದು. ಸೂರ್ಯನಿಂದ ಹೊರಟು ಕೋಲಿನ ತುದಿಯ ತೂತಿನ ಮೂಲಕ ಹಾದುಬರುವ ಕಿರಣವು, ಸೂರ್ಯ ದಿನವಿಡೀ ಭೂಮಿಯ ಅಕ್ಷದ ಸುತ್ತ ತಿರುಗಿದಂತೆ ಕಾಣುವುದರಿಂದ, ಗಾಳಿಯಲ್ಲಿ ಒಂದು ಶಂಕ್ವಾಕೃತಿಯನ್ನು ಬರೆಯುತ್ತದೆ. ನಮ್ಮ ನೆಲ ಆ ಶಂಕ್ವಾಕೃತಿಯನ್ನು ಓರೆಯಾಗಿ ಕತ್ತರಿಸುತ್ತದೆ. ಶಾಲೆಯಲ್ಲಿ ಓದಿದ ಅತಿಪರವಲಯ ಎಂಬ ವಕ್ರರೇಖೆ ಹುಟ್ಟುವುದು ಇಂಥ ಕತ್ತರಿಕೆಯಿಂದಲೇ. ಸೂರ್ಯ ವಿಷುವದ್ವೃತ್ತದ, ಅಂದರೆ ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಕಲ್ಪಿಸಿಕೊಂಡ ವೃತ್ತದ, ಮೇಲೆಯೇ ಇರುವ ದಿನ ಆ ಶಂಕ್ವಾಕೃತಿ ಅಗಲವಾಗುತ್ತಾ ಹೋಗಿ ಚಪ್ಪಟೆಯಾದ ಒಂದು ಸಮತಲವೇ ಆಗಿಬಿಟ್ಟಿರುತ್ತದೆ, ಮತ್ತು ಎರಡು ಸಮತಲಗಳು ಸಂಧಿಸುವುದು ಸರಳರೇಖೆಯಲ್ಲಿ. ಸೂರ್ಯ ಮುಳುಗದ ಧ್ರುವಪ್ರದೇಶದ ಬೇಸಿಗೆಯಲ್ಲಿ ಇದೇ ಗೆರೆ ಮುಚ್ಚಿದ ದೀರ್ಘವೃತ್ತವಾಗುತ್ತದೆ.

ಇನ್ನು ವರ್ಷದ ಕೆಲಸ. ವಾರಕ್ಕೊಮ್ಮೆ, ನೆರಳು ಉತ್ತರ-ದಕ್ಷಿಣ ಗೆರೆಯ ಮೇಲೆ ಬಂದಾಗ, ತುದಿಯನ್ನು ಗುರುತಿಸಿ ಪಕ್ಕದಲ್ಲಿ ದಿನಾಂಕ ಬರೆಯಿರಿ. ಅಷ್ಟೇ. 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, 50 ಸೆಂಟಿಮೀಟರ್ ಶಂಕುವಿನ ಮಧ್ಯಾಹ್ನದ ನೆರಳು ಡಿಸೆಂಬರ್ 21ರ ಸುಮಾರಿಗೆ ಉತ್ತರದ ಕಡೆಗೆ 39.7 ಸೆಂಟಿಮೀಟರ್ ಇರುತ್ತದೆ. ವಿಷುವ ದಿನದಲ್ಲಿ ಅದು 13.4 ಸೆಂಟಿಮೀಟರಿಗೆ ಇಳಿಯುತ್ತದೆ. ಮೇ ತಿಂಗಳ ಆರಂಭಕ್ಕೆ ನೆರಳು ಬುಡದಲ್ಲೇ ಅಡಗುತ್ತದೆ, ಸೂರ್ಯ ನೆತ್ತಿಯ ಮೇಲಿರುತ್ತಾನೆ. ಆಮೇಲೆ ನೆರಳು ದಕ್ಷಿಣಕ್ಕೆ ಚಾಚಿಕೊಂಡು ಜೂನ್ 21ರ ಹೊತ್ತಿಗೆ 7.4 ಸೆಂಟಿಮೀಟರ್ ಆಗುತ್ತದೆ, ಆಗಸ್ಟ್ 12ರ ಸುಮಾರಿಗೆ ಮತ್ತೊಮ್ಮೆ ಶೂನ್ಯವಾಗಿ ಉತ್ತರಕ್ಕೆ ಮರಳುತ್ತದೆ. 50 ಡಿಗ್ರಿ ಅಕ್ಷಾಂಶದಲ್ಲಿ ಶೂನ್ಯ ನೆರಳಿನ ದಿನ ಎಂದಿಗೂ ಬರುವುದಿಲ್ಲ. ಅಲ್ಲಿ ಅದೇ ಶಂಕುವಿನ ನೆರಳು ಡಿಸೆಂಬರಿನಲ್ಲಿ 168, ವಿಷುವದಲ್ಲಿ 59.6, ಜೂನ್‌ನಲ್ಲಿ 25 ಸೆಂಟಿಮೀಟರ್. ದಕ್ಷಿಣ ಗೋಳಾರ್ಧದವರು ದಿಕ್ಕುಗಳನ್ನೂ ಜೂನ್-ಡಿಸೆಂಬರ್‌ಗಳನ್ನೂ ಅದಲುಬದಲು ಮಾಡಿಕೊಂಡರೆ ಎಲ್ಲವೂ ಹೊಂದುತ್ತದೆ.

ಉಷ್ಣವಲಯದವರಿಗೆ ಇಲ್ಲಿ ಬೇರೆ ಕಡೆ ಸಿಗದ ಒಂದು ನೋಟವಿದೆ. ಉತ್ತರ ಗೋಳಾರ್ಧದಲ್ಲಿ ನೆರಳು ಸಾಮಾನ್ಯವಾಗಿ ಪಶ್ಚಿಮದಿಂದ ಉತ್ತರದ ಮೂಲಕ ಪೂರ್ವಕ್ಕೆ, ಅಂದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಆದರೆ ಎರಡು ಶೂನ್ಯ ನೆರಳಿನ ದಿನಗಳ ನಡುವೆ ಸೂರ್ಯ ನೆತ್ತಿಗಿಂತ ಉತ್ತರದಲ್ಲಿ ಹಾಯುವುದರಿಂದ ನೆರಳು ದಕ್ಷಿಣದ ಮೂಲಕ ಅಪ್ರದಕ್ಷಿಣವಾಗಿ ತಿರುಗುತ್ತದೆ.

ಗುರುತುಗಳು ಸಾಲುಗಟ್ಟಿದಂತೆ, ಅವುಗಳ ನಡುವಿನ ಅಂತರ ಒಂದೇ ಸಮನಾಗಿಲ್ಲವೆಂಬುದು ಕಣ್ಣಿಗೆ ಹೊಡೆಯುತ್ತದೆ. ಮಾರ್ಚ್ ಕೊನೆಯ ವಾರಗಳಲ್ಲಿ, 15 ಡಿಗ್ರಿ ಅಕ್ಷಾಂಶದಲ್ಲಿ, ತುದಿ ದಿನಕ್ಕೆ ಹೆಚ್ಚುಕಡಿಮೆ ನಾಲ್ಕು ಮಿಲಿಮೀಟರ್ ಸರಿಯುತ್ತದೆ. ನಿನ್ನೆಗೂ ಇಂದಿಗೂ ಇರುವ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಡಿಸೆಂಬರ್ 21ರ ನಂತರವಾದರೋ ಐದು ದಿನ ಕಳೆದರೂ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಸರಿದರೆ ಅದೇ ಹೆಚ್ಚು. ಸೂರ್ಯ ವಿಷುವದ್ವೃತ್ತದಿಂದ ಎಷ್ಟು ಡಿಗ್ರಿ ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಇದ್ದಾನೆಂಬುದಕ್ಕೆ ಕ್ರಾಂತಿ ಎಂದು ಹೆಸರು. ವಿಷುವದ ನಂತರದ ಒಂದು ತಿಂಗಳಲ್ಲಿ ಕ್ರಾಂತಿ ಸುಮಾರು 11 ಡಿಗ್ರಿ ಬದಲಾದರೆ, ಒಂದು ಅಯನ ಮುಗಿದು ಇನ್ನೊಂದು ಮೊದಲಾಗುವ ಅಯನಾಂತದ ನಂತರದ ತಿಂಗಳಲ್ಲಿ ಬದಲಾಗುವುದು ಸುಮಾರು ಮೂರು ಡಿಗ್ರಿ ಮಾತ್ರ. ಉಯ್ಯಾಲೆ ನಡುವಿನಲ್ಲಿ ವೇಗವಾಗಿ ಹಾಯ್ದು ಎರಡು ತುದಿಗಳಲ್ಲಿ ತಡೆದು ಹಿಂದಿರುಗುವಂತೆ ಸೂರ್ಯನೂ ಮಾಡುತ್ತಾನೆ. ಆದ್ದರಿಂದ ಅಯನಾಂತ ಯಾವ ದಿನ ಬಂತೆಂದು ನೆರಳು ನೋಡಿ ಹೇಳುವುದು ಬಹಳ ಕಷ್ಟ, ವಿಷುವ ಯಾವ ದಿನ ಬಂತೆಂದು ಹೇಳುವುದು ಸುಲಭ. ಅಯನಾಂತದ ದಿನವನ್ನು ನಿಜವಾಗಿಯೂ ಹಿಡಿಯಬೇಕೆನ್ನುವವರು, ಅದಕ್ಕೆ ತಿಂಗಳ ಮುಂಚೆ ತುದಿ ಯಾವ ಗುರುತಿನಲ್ಲಿತ್ತೋ ಅದೇ ಗುರುತಿಗೆ ಮತ್ತೆ ಯಾವಾಗ ಬಂತೆಂದು ನೋಡಿ, ಆ ಎರಡು ದಿನಾಂಕಗಳ ನಡುವನ್ನು ತೆಗೆದುಕೊಳ್ಳಬೇಕು.

ವರ್ಷ ತುಂಬಿದಾಗ ನೆಲದ ಮೇಲಿನ ಎರಡೇ ಅಳತೆಗಳಿಂದ ಎರಡು ದೊಡ್ಡ ಸಂಗತಿಗಳು ಹೊರಬರುತ್ತವೆ. ಡಿಸೆಂಬರಿನ ಗರಿಷ್ಠ ನೆರಳನ್ನೂ ಜೂನ್ ತಿಂಗಳಲ್ಲಿ ಅತಿ ದಕ್ಷಿಣಕ್ಕೆ ಬಿದ್ದ ಗುರುತನ್ನೂ ಕೋನಗಳಾಗಿ ಬದಲಿಸಿ. ಟ್ಯಾಂಜೆಂಟ್ ಪಟ್ಟಿ ಬೇಡವೆಂದರೆ ಅಳತೆಗೆ ತಕ್ಕಂತೆ ತ್ರಿಕೋನ ಬರೆದು ಕೋನಮಾಪಕವನ್ನಿಟ್ಟರೂ ಸಾಕು. 39.7 ಸೆಂಟಿಮೀಟರ್ ನೆರಳೆಂದರೆ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ 38.4 ಡಿಗ್ರಿ, ಆಚೆ ಬದಿಯ 7.4 ಸೆಂಟಿಮೀಟರ್ ಎಂದರೆ ಉತ್ತರಕ್ಕೆ 8.4 ಡಿಗ್ರಿ. ಎರಡರ ನಡುವಿನ ಒಟ್ಟು ಅಂತರ 46.8 ಡಿಗ್ರಿ, ಅದರ ಅರ್ಧ 23.4. ಭೂಮಿಯ ಅಕ್ಷದ ವಾಲು ಇದೇ. ಎರಡರ ಸರಾಸರಿ, ಅಂದರೆ ಎದುರು ದಿಕ್ಕಿನ 8.4ನ್ನು 38.4ರಿಂದ ಕಳೆದು ಅರ್ಧ ಮಾಡಿದ್ದು, ದಕ್ಷಿಣಕ್ಕೆ 15 ಡಿಗ್ರಿ, ಇದು ನಿಮ್ಮ ಅಕ್ಷಾಂಶ. ವಿಷುವ ದಿನದ ಮಧ್ಯಾಹ್ನದ ನೆರಳೊಂದೇ ಅಕ್ಷಾಂಶವನ್ನು ಹೇಳಬಲ್ಲದು. ಹನ್ನೆರಡು ಅಂಗುಲದ ಶಂಕುವಿನ ಆ ನೆರಳಿಗೆ ಪಲಭಾ ಎಂದು ಹೆಸರಿಟ್ಟು, ಒಂದು ಊರಿನ ಅಕ್ಷಾಂಶವನ್ನು ಅದರ ಪಲಭಾ ಇಷ್ಟು ಅಂಗುಲವೆಂದೇ ನಮ್ಮ ಜ್ಯೋತಿಷಿಗಳು ಸೂಚಿಸುತ್ತಿದ್ದರು. 15 ಡಿಗ್ರಿಯಲ್ಲಿ ಅದು 3.2 ಅಂಗುಲ.

ಈಗ ನನ್ನ ತಪ್ಪಿನ ವಿಷಯ. ನಾನು ಮೊದಲ ಬಾರಿ ವರ್ಷವಿಡೀ ಗುರುತು ಹಾಕಿದ್ದು ಮಾಳಿಗೆಯ ಮೇಲೆ. ಶಂಕುವನ್ನು ಮೂಲೆಮಟ್ಟ ಹಿಡಿದು ನೆಲಕ್ಕೆ ಲಂಬವಾಗಿ ನಿಲ್ಲಿಸಿದ್ದೆ, ತೂಗುಗುಂಡನ್ನು ಬಳಸಿರಲಿಲ್ಲ. ಕೊನೆಗೆ ಲೆಕ್ಕ ಹಾಕಿದಾಗ ಅಕ್ಷದ ವಾಲು ಸರಿಯಾಗಿ ಬಂತು, ಅಕ್ಷಾಂಶ ಮಾತ್ರ ನಕ್ಷೆಯಲ್ಲಿರುವುದಕ್ಕಿಂತ ಒಂದು ಡಿಗ್ರಿಗೂ ಹೆಚ್ಚು ತಪ್ಪಿತ್ತು. ಒಂದೇ ಅಳತೆಯಿಂದ ಒಂದು ಉತ್ತರ ಸರಿ, ಇನ್ನೊಂದು ತಪ್ಪು ಬರುವುದು ಹೇಗೆಂದು ಹಲವು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆದದ್ದು, ಮಳೆನೀರು ಹರಿದುಹೋಗಲೆಂದು ಮಾಳಿಗೆಗೆ ಇಳಿಜಾರು ಕೊಟ್ಟಿರುತ್ತಾರೆ. ನೆಲ ಒಂದು ಡಿಗ್ರಿ ವಾಲಿದ್ದರೆ, ಅದಕ್ಕೆ ಲಂಬವಾದ ಶಂಕುವೂ ಒಂದು ಡಿಗ್ರಿ ವಾಲಿರುತ್ತದೆ, ವರ್ಷದ ಎಲ್ಲ ಕೋನಗಳೂ ಒಂದೇ ಕಡೆಗೆ ಒಂದು ಡಿಗ್ರಿ ಸರಿಯುತ್ತವೆ. ಸರಾಸರಿ ಕೆಡುತ್ತದೆ, ವ್ಯತ್ಯಾಸ ಕೆಡುವುದಿಲ್ಲ. ‘ನೀರಿನಿಂದ ಮಟ್ಟ ನೋಡಿದ ಕಲ್ಲು’ ಎಂಬ ಮಾತಿನ ತೂಕ ನನಗೆ ಅಂದು ತಿಳಿಯಿತು. ಹಾಗೆಂದು ಆ ವರ್ಷ ವ್ಯರ್ಥವಾಯಿತೆಂದು ನಾನು ಭಾವಿಸುವುದಿಲ್ಲ. ಸೂರ್ಯನ ಓಲಾಟವು ನಾವು ನಿಂತ ನೆಲವನ್ನು ಅವಲಂಬಿಸಿಲ್ಲವೆಂಬುದನ್ನು ಅಷ್ಟು ಸ್ಪಷ್ಟವಾಗಿ ಬೇರಾವ ರೀತಿಯಲ್ಲೂ ನಾನು ಕಲಿಯುತ್ತಿರಲಿಲ್ಲ.

ಇನ್ನೊಂದು ಅಕ್ಷಾಂಶದಲ್ಲಿರುವ ಗೆಳೆಯರು ಇದೇ ದಿನಗಳಲ್ಲಿ ಇಂಥದೇ ಶಂಕುವಿನ ಮಧ್ಯಾಹ್ನದ ನೆರಳನ್ನು ಅಳೆದು ತಿಳಿಸಿದರೆ, ನಿಮ್ಮಿಬ್ಬರ ಕೋನಗಳ ವ್ಯತ್ಯಾಸವೂ ನಡುವಿನ ಉತ್ತರ-ದಕ್ಷಿಣ ದೂರವೂ ಸೇರಿ ಭೂಮಿಯ ಗಾತ್ರವನ್ನೇ ಕೊಡುತ್ತವೆ. ಒಂದು ಡಿಗ್ರಿಗೆ ಉತ್ತರ-ದಕ್ಷಿಣವಾಗಿ ಸುಮಾರು 111 ಕಿಲೋಮೀಟರ್. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಕ್ ವಿದ್ವಾಂಸ ಎರಟೋಸ್ಥನೀಸ್ ಈಜಿಪ್ಟಿನ ಅಲೆಕ್ಸಾಂಡ್ರಿಯ ಮತ್ತು ಸಯೀನ್ ನಗರಗಳ ನಡುವೆ ಮಾಡಿದ್ದು ಇದನ್ನೇ. ಆತನಿಗೆ ಸಿಕ್ಕ ವ್ಯತ್ಯಾಸ ವೃತ್ತದ ಐವತ್ತನೇ ಒಂದು ಭಾಗ, ಅಂದರೆ 7.2 ಡಿಗ್ರಿ.

ಋತುಗಳಿಗೆ ಕಾರಣ ಸೂರ್ಯನಿಂದ ಭೂಮಿಗಿರುವ ದೂರ ಎಂಬ ತಪ್ಪು ತಿಳಿವಳಿಕೆ ಓದಿದವರಲ್ಲೂ ಇದೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ, 14.71 ಕೋಟಿ ಕಿಲೋಮೀಟರ್ ದೂರದಲ್ಲಿ ಇರುವುದು ಜನವರಿಯ ಮೊದಲ ವಾರದಲ್ಲಿ. ಅತಿ ದೂರ, 15.21 ಕೋಟಿ ಕಿಲೋಮೀಟರ್ ಆಗುವುದು ಜುಲೈ ಮೊದಲ ವಾರದಲ್ಲಿ. ಉತ್ತರ ಗೋಳಾರ್ಧದ ಚಳಿಗಾಲಕ್ಕೂ ಬೇಸಿಗೆಗೂ ಇದು ತದ್ವಿರುದ್ಧ. ನಿಮ್ಮ ನೆಲದ ಗುರುತುಗಳು ನಿಜವಾದ ಕಾರಣವನ್ನು ತೋರಿಸುತ್ತವೆ. ಡಿಸೆಂಬರಿನಲ್ಲಿ ನೆರಳು ಉದ್ದವೆಂದರೆ ಬಿಸಿಲು ಓರೆಯಾಗಿ ಬೀಳುತ್ತಿದೆ, ಅಷ್ಟೇ ಬೆಳಕು ಹೆಚ್ಚು ನೆಲಕ್ಕೆ ಹಂಚಿಹೋಗುತ್ತಿದೆ ಎಂದರ್ಥ. ಸೂರ್ಯ ಆಗ್ನೇಯದ ಕಡೆ ಹುಟ್ಟಿ ನೈಋತ್ಯದ ಕಡೆ ಮುಳುಗುವುದರಿಂದ ಹಗಲೂ ಗಿಡ್ಡ. ಕೋನ ಮತ್ತು ಹಗಲಿನ ಉದ್ದ, ಈ ಎರಡೂ 23.4 ಡಿಗ್ರಿಯ ವಾಲಿನಿಂದ ಬಂದವು.

ಕಾಲದ ಪ್ರಶ್ನೆಗೆ ಬಂದಾಗ ಲಂಬವಾದ ಶಂಕು ನಮ್ಮನ್ನು ನಿರಾಶೆಗೊಳಿಸುತ್ತದೆ. ಜೂನ್‌ನಲ್ಲಿ ಒಂಬತ್ತು ಗಂಟೆಗೆ ನೆರಳು ಬಿದ್ದ ದಿಕ್ಕಿಗೆ ಗೆರೆ ಎಳೆದಿಟ್ಟರೆ, ಡಿಸೆಂಬರಿನ ಒಂಬತ್ತು ಗಂಟೆಯ ನೆರಳು ಆ ಗೆರೆಯ ಮೇಲೆ ಬೀಳುವುದಿಲ್ಲ. ಕೋಲನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ವಾಲಿಸಿದಾಗ ಮಾತ್ರ ಗಂಟೆಯ ಗೆರೆ ಋತುವಿನಿಂದ ಬಿಡುಗಡೆ ಪಡೆಯುತ್ತದೆ. ಇದನ್ನು ಕಾಣಲು ಅತಿ ಸುಲಭದ ಉಪಕರಣ ವಿಷುವ ಫಲಕ. ಗಟ್ಟಿ ರಟ್ಟಿನ ಒಂದು ವೃತ್ತವನ್ನು ಕತ್ತರಿಸಿ, ಎರಡೂ ಮುಖಗಳಲ್ಲಿ 15 ಡಿಗ್ರಿಗೆ ಒಂದರಂತೆ 24 ಗೆರೆಗಳನ್ನು ಎಳೆದು, ಕೇಂದ್ರದಲ್ಲಿ ಹೆಣಿಗೆ ಕಡ್ಡಿಯೊಂದನ್ನು ಫಲಕಕ್ಕೆ ಲಂಬವಾಗಿ ತೂರಿಸಬೇಕು. ಕಡ್ಡಿ ಉತ್ತರ-ದಕ್ಷಿಣ ಗೆರೆಯ ಮೇಲೆ, ನೆಲದಿಂದ ನಿಮ್ಮ ಅಕ್ಷಾಂಶದಷ್ಟೇ ಕೋನದಲ್ಲಿ, ಧ್ರುವ ನಕ್ಷತ್ರದ ಕಡೆಗೆ ಮುಖ ಮಾಡಿರಲಿ. ಸೂರ್ಯ 24 ಗಂಟೆಗೆ 360 ಡಿಗ್ರಿ ತಿರುಗುವಂತೆ ಕಾಣುವುದರಿಂದ ಗಂಟೆಗೆ 15 ಡಿಗ್ರಿ, ಬೇರೆ ಲೆಕ್ಕವೇ ಬೇಡ. ಜೈಪುರದಲ್ಲಿ ಎರಡನೇ ಸವಾಯಿ ಜಯಸಿಂಹನು 18ನೇ ಶತಮಾನದಲ್ಲಿ ಕಟ್ಟಿಸಿದ ಸಾಮ್ರಾಟ್ ಯಂತ್ರ, ಸುಮಾರು 27 ಮೀಟರ್ ಎತ್ತರದ್ದು, ಇದೇ ತತ್ತ್ವದ ಮೇಲೆ ನಿಂತಿದೆ. ಅದರ ನೆರಳು ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್ ಚಲಿಸುತ್ತದೆ. ಆದರೆ ಅಷ್ಟು ದೊಡ್ಡ ಯಂತ್ರದಲ್ಲಿ ನೆರಳಿನ ಮಸುಕು ಅಂಚೂ ಹತ್ತು ಸೆಂಟಿಮೀಟರ್ ದಾಟುತ್ತದೆ. ಗಾತ್ರ ಹೆಚ್ಚಿಸಿದಷ್ಟೂ ನಿಖರತೆ ಹೆಚ್ಚುತ್ತದೆಂಬ ಲೆಕ್ಕಕ್ಕೆ ಸೂರ್ಯನ ಅಗಲವೇ ಮಿತಿ ಹಾಕುತ್ತದೆ.

ಈ ಪುಟ್ಟ ಫಲಕ ಋತುವನ್ನು ಮರೆತಿಲ್ಲ. ಮಾರ್ಚ್ ವಿಷುವದಿಂದ ಸೆಪ್ಟೆಂಬರ್ ವಿಷುವದವರೆಗೆ ಬಿಸಿಲು ಅದರ ಮೇಲ್ಮುಖಕ್ಕೆ ಬೀಳುತ್ತದೆ, ಉಳಿದ ಕಾಲ ಕೆಳಮುಖಕ್ಕೆ. ವಿಷುವ ದಿನದಲ್ಲಿ ಬೆಳಕು ಅಂಚನ್ನು ಮಾತ್ರ ಸವರಿ ಹೋಗುತ್ತದೆ. ಕಡ್ಡಿಯ ಮೇಲೆ, ಫಲಕದಿಂದ ಮೂರು ಸೆಂಟಿಮೀಟರ್ ಎತ್ತರದಲ್ಲಿ, ಒಂದು ಮಣಿಯನ್ನು ಅಂಟಿಸಿದರೆ ಅದರ ನೆರಳು ದಿನವಿಡೀ ಒಂದೇ ವೃತ್ತದ ಮೇಲೆ ನಡೆಯುತ್ತದೆ. ಜೂನ್ 21ರಂದು ಆ ವೃತ್ತದ ತ್ರಿಜ್ಯ 6.9 ಸೆಂಟಿಮೀಟರ್, ಕ್ರಾಂತಿ ಹತ್ತು ಡಿಗ್ರಿಗೆ ಇಳಿದಾಗ 17 ಸೆಂಟಿಮೀಟರ್, ವಿಷುವ ಹತ್ತಿರವಾದಂತೆ ಅದು ಫಲಕವನ್ನು ದಾಟಿ ಎಲ್ಲೋ ಹೊರಗೆ ಹೋಗಿಬಿಡುತ್ತದೆ. ಎರಡು ಮುಖಗಳಿಗೂ ಬಿಸಿಲು ಬಿದ್ದ ದಿನಗಳನ್ನು ಎಣಿಸಿದರೆ ಮೇಲ್ಮುಖಕ್ಕೆ ಸುಮಾರು 186, ಕೆಳಮುಖಕ್ಕೆ 179 ಬರುತ್ತವೆ. ಸೂರ್ಯನಿಂದ ದೂರವಿರುವ ಜುಲೈನಲ್ಲಿ ಭೂಮಿ ಸೆಕೆಂಡಿಗೆ 29.3 ಕಿಲೋಮೀಟರ್, ಹತ್ತಿರವಿರುವ ಜನವರಿಯಲ್ಲಿ 30.3 ಕಿಲೋಮೀಟರ್ ವೇಗದಲ್ಲಿ ಚಲಿಸುವುದರಿಂದ ಆ ಏಳು ದಿನಗಳ ವ್ಯತ್ಯಾಸ. ದೂರವು ಋತುಗಳನ್ನು ಉಂಟುಮಾಡುವುದಿಲ್ಲ, ಆದರೆ ಅವುಗಳ ಉದ್ದವನ್ನು ಬದಲಿಸುತ್ತದೆ. ರಟ್ಟಿನ ಎರಡು ಮುಖಗಳು ಭೂಮಿಯ ಪಥ ವೃತ್ತವಲ್ಲವೆಂದು ಹೇಳಬಲ್ಲವು ಎಂಬುದು ನನಗೆ ಈಗಲೂ ಬೆರಗಿನ ಸಂಗತಿ.

ಫಲಕದ ಹೊತ್ತನ್ನು ಕೈಗಡಿಯಾರದೊಂದಿಗೆ ಹೋಲಿಸಿದಾಗ ಎರಡು ಬಗೆಯ ವ್ಯತ್ಯಾಸ ಕಾಣುತ್ತದೆ. ಒಂದು ಸ್ಥಿರವಾದದ್ದು: ದೇಶದ ಅಧಿಕೃತ ಸಮಯವನ್ನು ಯಾವ ರೇಖಾಂಶಕ್ಕೆ ನಿಗದಿಪಡಿಸಿದ್ದಾರೋ ಅಲ್ಲಿಂದ ನೀವು ಎಷ್ಟು ಡಿಗ್ರಿ ದೂರವೋ ಡಿಗ್ರಿಗೆ ನಾಲ್ಕು ನಿಮಿಷದಂತೆ. ಅದನ್ನು ಕಳೆದ ಮೇಲೂ ಉಳಿಯುವ ಇನ್ನೊಂದು ವರ್ಷದುದ್ದಕ್ಕೂ ಬದಲಾಗುತ್ತದೆ. ಫೆಬ್ರವರಿ 11ರ ಸುಮಾರಿಗೆ ನೆರಳು 14 ನಿಮಿಷ ಹಿಂದಿರುತ್ತದೆ, ನವೆಂಬರ್ 3ರ ಸುಮಾರಿಗೆ 16 ನಿಮಿಷ ಮುಂದಿರುತ್ತದೆ. ಏಪ್ರಿಲ್ 15, ಜೂನ್ 13, ಸೆಪ್ಟೆಂಬರ್ 1 ಮತ್ತು ಡಿಸೆಂಬರ್ 25ರ ಹೊತ್ತಿಗೆ ಎರಡೂ ಒಂದಾಗುತ್ತವೆ. ಒಂದು ಮಧ್ಯಾಹ್ನದಿಂದ ಮರುದಿನದ ಮಧ್ಯಾಹ್ನದವರೆಗಿನ ಅವಧಿ ಡಿಸೆಂಬರ್ ಕೊನೆಯಲ್ಲಿ 24 ಗಂಟೆಗಿಂತ 30 ಸೆಕೆಂಡು ಹೆಚ್ಚು, ಸೆಪ್ಟೆಂಬರ್ ಮಧ್ಯದಲ್ಲಿ 21 ಸೆಕೆಂಡು ಕಡಿಮೆ. ದಿನದ ಈ ಸಣ್ಣ ಹೆಚ್ಚುಕಡಿಮೆಗಳು ಕೂಡುತ್ತಾ ಹೋಗಿ ನಿಮಿಷಗಳಾಗುತ್ತವೆ. ಭೂಮಿಯ ವೇಗ ಬದಲಾಗುವುದು ಇದಕ್ಕೆ ಒಂದು ಕಾರಣ. ಅಕ್ಷದ ವಾಲು ಇನ್ನೊಂದು: ವಿಷುವದ ಹೊತ್ತಿಗೆ ಸೂರ್ಯನ ವಾರ್ಷಿಕ ನಡಿಗೆಯ ಒಂದು ಪಾಲು ಉತ್ತರ-ದಕ್ಷಿಣಕ್ಕೆ ಖರ್ಚಾಗುತ್ತದೆ, ಅಯನಾಂತದ ಹೊತ್ತಿಗೆ ಇಡೀ ನಡಿಗೆ ಪೂರ್ವಕ್ಕೇ ಸಲ್ಲುತ್ತದೆ.

ಉಪನ್ಯಾಸದ ಕೊನೆಗೆ ಸಭಿಕರೊಬ್ಬರು, ಇವೆರಡೂ ಚಲನೆಗಳನ್ನು, ಅಂದರೆ ಋತುವಿನ ಓಲಾಟವನ್ನೂ ಗಡಿಯಾರದೊಂದಿಗಿನ ಈ ಹಿಂದುಮುಂದನ್ನೂ, ಒಂದೇ ನೆಲದ ಮೇಲೆ ನೋಡಲು ಸಾಧ್ಯವೇ, ತಿಂಗಳುಗಟ್ಟಲೆ ಮೋಡವಿದ್ದರೆ ಏನು ಮಾಡುವುದು ಎಂದು ಕೇಳಿದರು. ಸಾಧ್ಯವಿದೆ, ಲಂಬ ಶಂಕುವೇ ಸಾಕು. ನೆರಳು ಉತ್ತರ-ದಕ್ಷಿಣ ಗೆರೆಗೆ ಬರುವುದನ್ನು ಕಾಯುವ ಬದಲು, ಪ್ರತಿ ವಾರವೂ ಗಡಿಯಾರದ ಒಂದೇ ಹೊತ್ತಿಗೆ, ಹನ್ನೆರಡೂವರೆ ಎಂದಿಟ್ಟುಕೊಂಡರೆ ಸರಿಯಾಗಿ ಹನ್ನೆರಡೂವರೆಗೆ, ತುದಿಯನ್ನು ಗುರುತಿಸಬೇಕು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶಗಳಲ್ಲಿ ಆ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಒಂದು ನಿಮಿಷ ತಪ್ಪಿದರೂ ಗುರುತು ಮಿಲಿಮೀಟರುಗಳಷ್ಟು ಆಚೀಚೆ ಆಗುವುದರಿಂದ ಹೊತ್ತಿನಲ್ಲಿ ಶಿಸ್ತು ಬೇಕು. ಮೋಡದ ವಾರಗಳು ಖಾಲಿ ಉಳಿದರೆ ಚಿಂತೆಯಿಲ್ಲ. ಗೆರೆ ನುಣುಪಾದದ್ದು, ಎರಡು ಬದಿಯ ಗುರುತುಗಳಿಂದ ನಡುವಿನ ದಾರಿ ತಿಳಿಯುತ್ತದೆ, ಮರುವರ್ಷ ಅದೇ ದಿನಾಂಕಗಳಲ್ಲಿ ಬಿಟ್ಟ ಜಾಗವನ್ನು ತುಂಬಿಸಿಕೊಳ್ಳಲೂಬಹುದು. ಬಿಂದುಗಳು ಕ್ರಮೇಣ ಉತ್ತರ-ದಕ್ಷಿಣವಾಗಿ ನೀಳವಾದ, ಇಂಗ್ಲಿಷಿನ ಎಂಟರ ಅಂಕಿಯಂಥ ಒಂದು ಆಕೃತಿಯನ್ನು ತಾಳುತ್ತವೆ. ಅದಕ್ಕೆ ಅನಲೆಮ್ಮ ಎಂದು ಹೆಸರು. ಡಿಸೆಂಬರ್ ಕಡೆಯ ಕುಣಿಕೆ ದೊಡ್ಡದು, ಜೂನ್ ಕಡೆಯದು ಚಿಕ್ಕದು. ಎರಡು ಕುಣಿಕೆಗಳು ಅಡ್ಡಹಾಯುವ ಬಿಂದುವಿಗೆ ತುದಿ ವರ್ಷದಲ್ಲಿ ಎರಡು ಸಲ ಬರುತ್ತದೆ: ಏಪ್ರಿಲ್ ಮಧ್ಯದಲ್ಲಿ, ಸೂರ್ಯ ಉತ್ತರಕ್ಕೆ ಏರುತ್ತಿರುವಾಗ ಒಮ್ಮೆ, ಆಗಸ್ಟ್ ಕೊನೆಯಲ್ಲಿ, ದಕ್ಷಿಣಕ್ಕೆ ಇಳಿಯುತ್ತಿರುವಾಗ ಇನ್ನೊಮ್ಮೆ, ಗಡಿಯಾರದ ಅದೇ ನಿಮಿಷದಲ್ಲಿ ಅದೇ ಚುಕ್ಕೆಯ ಮೇಲೆ.